ಹಸಿರು ಮುಚ್ಚುವ ಮುನ್ನ

ಉಷ್ಣವಲಯದ ಬೆಟ್ಟಗಳಿಗೆ ಒಂದು ವಿಚಿತ್ರವಾದ ಗುಣವುಂಟು. ಅವು ತಮ್ಮ ಗಾಯಗಳನ್ನು ಬಹುಬೇಗ ಮುಚ್ಚಿಕೊಳ್ಳುತ್ತವೆ. ಇಳಿಜಾರು ಜರಿದು ಕೆಂಪು ಮಣ್ಣು ಬಯಲಾದ ಜಾಗದಲ್ಲಿ ನಾಲ್ಕು ಮಳೆ ಬೀಳುವುದರೊಳಗಾಗಿ ಹುಲ್ಲು ಚಿಗುರುತ್ತದೆ. ಅದರ ಬೆನ್ನಿಗೇ ಜರೀಗಿಡ, ಬಳ್ಳಿ, ಎಳೆಯ ಮರಗಳು ತಲೆಯೆತ್ತುತ್ತವೆ. ಕೆಲವು ವರ್ಷ ಕಳೆದ ಮೇಲೆ ಆ ದಾರಿಯಲ್ಲಿ ಹೋಗುವ ಹೊಸಬನಿಗೆ, ಇಲ್ಲಿ ಒಂದು ದಿನ ಬೆಟ್ಟವೇ ಜಾರಿ ಬಂದಿತ್ತೆಂದರೆ ಅವನು ನಂಬಲಾರ. ನೋಡುವವನ ಕಣ್ಣಿಗೆ ಇದೊಂದು ಸೊಗಸು. ಆದರೆ ಅದೇ ಬೆಟ್ಟದ ಬುಡದಲ್ಲಿ ಮನೆ ಕಟ್ಟಿಕೊಳ್ಳಲು ಹೊರಟವನ ಪಾಲಿಗೆ ಇದಕ್ಕಿಂತ ಮೋಸದ ಸೊಗಸು ಬೇರೊಂದಿಲ್ಲ.

ಕೆರಿಬಿಯನ್ ಸಮುದ್ರದ ಪೋರ್ಟೊರಿಕೊ ದ್ವೀಪದಲ್ಲಿ 2017ನೆಯ ಇಸವಿಯ ಸೆಪ್ಟೆಂಬರ್ ತಿಂಗಳ ಕೊನೆಗೆ ಆರಂಭವಾದ ಮೋಜಣಿಯೊಂದರ ಹಿಂದೆ ಇದ್ದುದು ಇದೇ ಆತುರ. ಆ ತಿಂಗಳ 20ರಂದು ‘ಮರಿಯಾ’ ಎಂಬ ಚಂಡಮಾರುತ ದ್ವೀಪವನ್ನು ಕೊಚ್ಚಿಹಾಕಿತ್ತು. ಬೆಟ್ಟಗಳ ಮೈಮೇಲೆ ಎದ್ದಿದ್ದ ಗಾಯಗಳನ್ನು ಹಸಿರು ಮುಚ್ಚುವ ಮುನ್ನ ಎಣಿಸಬೇಕಾಗಿತ್ತು, ಅಳೆಯಬೇಕಾಗಿತ್ತು, ನಕ್ಷೆಯ ಮೇಲೆ ಇಳಿಸಬೇಕಾಗಿತ್ತು. ಬೆಟ್ಟ ಮರೆಯುವುದನ್ನು ಮನುಷ್ಯ ನೆನಪಿಟ್ಟುಕೊಳ್ಳಬೇಕಾಗಿತ್ತು.

ಕಾಫಿಯ ನಾಡು

ಪೋರ್ಟೊರಿಕೊ ದೊಡ್ಡ ದ್ವೀಪವೇನೂ ಅಲ್ಲ. ಅದರ ವಿಸ್ತೀರ್ಣ ಸುಮಾರು 9,100 ಚದರ ಕಿಲೊಮೀಟರ್. ಎಂದರೆ ಕೊಡಗಿನ ಎರಡರಷ್ಟಕ್ಕಿಂತ ತುಸು ಹೆಚ್ಚು. ನಾಲ್ಕು ಶತಮಾನಗಳ ಕಾಲ ಸ್ಪೇನಿನ ಅಧೀನದಲ್ಲಿದ್ದು 1898ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ವಶಕ್ಕೆ ಬಂದ ನಾಡು ಅದು. ಇಂದಿಗೂ ಅಲ್ಲಿನ ಮನೆಮಾತು ಸ್ಪ್ಯಾನಿಷ್. ದ್ವೀಪದ ನಡುವೆ ಪೂರ್ವದಿಂದ ಪಶ್ಚಿಮಕ್ಕೆ ಬೆನ್ನುಮೂಳೆಯಂತೆ ಒಂದು ಪರ್ವತಶ್ರೇಣಿ ಹಬ್ಬಿದೆ. ಅದರ ಅತ್ಯುನ್ನತ ಶಿಖರ 1,338 ಮೀಟರಿನದು. ಕೊಡಗಿನ ತಡಿಯಂಡಮೋಳಿನ ಮುಂದೆ ಅದು ಕುಳ್ಳನೆಂದೇ ಹೇಳಬೇಕು. ಆದರೆ ಆ ಬೆಟ್ಟಗಳ ಇಳಿಜಾರು ಬಲು ಕಡಿದು, ಕಣಿವೆಗಳು ಇಕ್ಕಟ್ಟು, ಹೊಳೆಗಳು ಚಿಕ್ಕವಾದರೂ ರಭಸ ಬಹಳ.

ಈ ಶ್ರೇಣಿಯ ಮಡಿಲಲ್ಲಿರುವುದು ಉತುವಾದೊ. ಊರಿಗೂ ಅದರ ಸುತ್ತಲ ಸೀಮೆಗೂ ಅದೇ ಹೆಸರು. ಸ್ಪೇನಿನವರು ಬರುವ ಮುನ್ನ ಈ ದ್ವೀಪದಲ್ಲಿ ಬಾಳಿದ ಟೈನೊ ಜನರು ಕಲ್ಲುಗಳನ್ನು ಸಾಲಾಗಿ ನೆಟ್ಟು ನಿರ್ಮಿಸಿದ ಅಂಗಳಗಳು ಉತುವಾದೊ ಸೀಮೆಯ ಕಾಗ್ವಾನಾ ಎಂಬಲ್ಲಿ ಇಂದಿಗೂ ಉಳಿದಿವೆ. ಕೆಲವು ಕಲ್ಲುಗಳ ಮೇಲೆ ಮನುಷ್ಯಮುಖಗಳನ್ನು ಕೊರೆದಿದ್ದಾರೆ. ಇಂದು ಜಗತ್ತೆಲ್ಲ ಬಳಸುವ ‘ಹರಿಕೇನ್’ ಎಂಬ ಪದವನ್ನು ಸ್ಪೇನಿನ ನಾವಿಕರು ಕಲಿತದ್ದು ಈ ದ್ವೀಪಗಳ ಮೂಲನಿವಾಸಿಗಳ ಬಾಯಿಂದಲೇ. ಬಿರುಗಾಳಿಗೂ ಈ ನಾಡಿಗೂ ಇರುವ ಸಂಬಂಧ ಅಷ್ಟು ಹಳೆಯದು.

ಹತ್ತೊಂಬತ್ತನೆಯ ಶತಮಾನದಲ್ಲಿ ಉತುವಾದೊ ಸೀಮೆಗೆ ಹೆಸರು ತಂದುಕೊಟ್ಟದ್ದು ಕಾಫಿ. ದೊಡ್ಡ ಮರಗಳ ನೆರಳಿನಲ್ಲಿ ಬೆಳೆದ ಅಲ್ಲಿನ ಬೀಜ ಹಡಗುಗಳಲ್ಲಿ ಯೂರೋಪಿಗೆ ಹೋಗುತ್ತಿತ್ತು. ಆ ವೈಭವಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1899ರ ಆಗಸ್ಟ್ 8ರಂದು. ಅಂದು ಬಡಿದ ಚಂಡಮಾರುತಕ್ಕೆ ಆ ದಿನದ ಸಂತನ ಹೆಸರಿನಿಂದ ‘ಸ್ಯಾನ್ ಸಿರಿಯಾಕೊ’ ಎಂದು ಕರೆದರು. ಅದು ದ್ವೀಪದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅತ್ಯಂತ ಹೆಚ್ಚು ನೊಂದ ಸೀಮೆಗಳಲ್ಲಿ ಉತುವಾದೊ ಒಂದು. ಕಾಫಿಯ ತೋಟಗಳು ಬೇರುಸಹಿತ ಹೋದುವು. ಕೂಲಿಯಿಲ್ಲದೆ ಕೆಟ್ಟ ಸಾವಿರಾರು ಮಂದಿ 1900ರಿಂದ ಮುಂದಕ್ಕೆ ಹಡಗು ಹತ್ತಿ, ಭೂಮಿಯ ಮತ್ತೊಂದು ಮೂಲೆಯ ಹವಾಯಿ ದ್ವೀಪಗಳ ಕಬ್ಬಿನ ಗದ್ದೆಗಳಿಗೆ ಹೊರಟುಹೋದರು. ಉಳಿದವರು ಮತ್ತೆ ಅದೇ ಇಳಿಜಾರುಗಳಲ್ಲಿ ಕಾಫಿ ನೆಟ್ಟರು.

ಎರಡು ಬಿರುಗಾಳಿ, ಒಂದೇ ನೆಲ

2017ರ ಸೆಪ್ಟೆಂಬರಿನಲ್ಲಿ ಮೊದಲು ಬಂದದ್ದು ಮರಿಯಾ ಅಲ್ಲ, ‘ಇರ್ಮಾ’. ಆ ತಿಂಗಳ 6 ಮತ್ತು 7ರಂದು ಅದು ದ್ವೀಪದ ಉತ್ತರಕ್ಕೆ ಕಡಲ ಮೇಲೆಯೇ ಹಾದುಹೋಯಿತು. ಬಿರುಗಾಳಿಯ ಕಣ್ಣು ನೆಲವನ್ನು ಮುಟ್ಟಲಿಲ್ಲವೆಂದು ಜನ ನಿಟ್ಟುಸಿರುಬಿಟ್ಟರು. ಆದರೆ ಅದು ಬೆಟ್ಟಗಳ ಮೇಲೆ ಭಾರಿ ಮಳೆಯನ್ನು ಸುರಿದು ಹೋಗಿತ್ತು. ಆ ನೀರು ಮಣ್ಣಿನೊಳಗೆ ಇಂಗಿ, ಇನ್ನೂ ಪೂರ್ತಿಯಾಗಿ ಬಸಿದುಹೋಗುವ ಮುನ್ನವೇ ಎರಡನೆಯ ಅತಿಥಿ ಬಂದುಬಿಟ್ಟಿತು.

ಮರಿಯಾ ನೆಲ ಮುಟ್ಟಿದ್ದು ಸೆಪ್ಟೆಂಬರ್ 20ರ ಬೆಳಗ್ಗೆ, ದ್ವೀಪದ ಆಗ್ನೇಯ ತೀರದ ಯಾಬುಕೋವಾ ಬಳಿ. ಗಾಳಿಯ ವೇಗ ಗಂಟೆಗೆ ಸುಮಾರು 250 ಕಿಲೊಮೀಟರ್. 1928ರ ಮಹಾ ಚಂಡಮಾರುತದ ತರುವಾಯ ಅಷ್ಟು ಬಲವಾದ ಬಿರುಗಾಳಿಯನ್ನು ದ್ವೀಪ ಕಂಡಿರಲಿಲ್ಲ. ಆಗ್ನೇಯದಿಂದ ವಾಯವ್ಯಕ್ಕೆ, ನಡುವಿನ ಬೆಟ್ಟಗಳನ್ನು ಓರೆಯಾಗಿ ತುಳಿದುಕೊಂಡು, ಅದೇ ದಿನ ಮಧ್ಯಾಹ್ನ ಅದು ಉತ್ತರದ ಕಡಲಿಗೆ ಇಳಿಯಿತು. ಪೂರ್ವಭಾಗದ ಕಾಗ್ವಾಸ್ ಬಳಿ ಬಿದ್ದ ಮಳೆ ಸುಮಾರು 38 ಅಂಗುಲ. ಇಡೀ ದ್ವೀಪದ ವಿದ್ಯುತ್ತು ಒಂದೇ ದಿನದಲ್ಲಿ ಆರಿಹೋಯಿತು. ಕೊನೆಯ ಮನೆಗಳಿಗೆ ಅದು ಮರಳಲು ಹೆಚ್ಚುಕಡಿಮೆ ಒಂದು ವರ್ಷವೇ ಹಿಡಿಯಿತು. ಸತ್ತವರ ಸಂಖ್ಯೆ 64 ಎಂದು ಸರ್ಕಾರ ಮೊದಲು ಪ್ರಕಟಿಸಿತ್ತು. ಔಷಧ, ವಿದ್ಯುತ್ತು, ದಾರಿಗಳಿಲ್ಲದೆ ಮುಂದಿನ ತಿಂಗಳುಗಳಲ್ಲಿ ಅಳಿದವರನ್ನೂ ಸೇರಿಸಿ ಜಾರ್ಜ್ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದ ತಜ್ಞರು ಲೆಕ್ಕ ಹಾಕಿದ ಮೇಲೆ, 2018ರ ಆಗಸ್ಟಿನಲ್ಲಿ ಅದೇ ಸರ್ಕಾರ 2,975 ಎಂಬ ಸಂಖ್ಯೆಯನ್ನು ಒಪ್ಪಿಕೊಂಡಿತು.

ಮರೆತುಹೋದವರ ಪಾಳೆಯ

ಬೆಟ್ಟದ ಸೀಮೆಯಲ್ಲಿ ಗಾಳಿಗಿಂತ ಹೆಚ್ಚಿನ ಶತ್ರುವಾದದ್ದು ಮಣ್ಣು. ಉತುವಾದೊದಲ್ಲಿ ಮನೆಯೊಂದರ ಮೇಲೆ ಇಳಿಜಾರು ಜರಿದು, ಒಳಗಿದ್ದ ಮೂವರು ವೃದ್ಧ ಸಹೋದರಿಯರು ಒಟ್ಟಿಗೆ ಅಸುನೀಗಿದರು. ಉತ್ತರ ತೀರದ ಆರೆಸೀಬೊ ಪಟ್ಟಣದಿಂದ ಬೆಟ್ಟ ಹತ್ತಿ ಬರುವ ಹೆದ್ದಾರಿ ಹಲವೆಡೆ ಕುಸಿತಗಳಿಗೆ ಸಿಲುಕಿತು. ಕಣಿವೆಯೊಳಗಿನ ಸಣ್ಣ ದಾರಿಗಳ ಮಾತು ಹೇಳುವಂತೆಯೇ ಇರಲಿಲ್ಲ. ಕೆಲವೆಡೆ ಮೇಲಿನ ಮಣ್ಣು ಬಂದು ರಸ್ತೆಯನ್ನು ಹೂತಿತ್ತು. ಕೆಲವೆಡೆ ರಸ್ತೆಯ ಕೆಳಗಿನ ಮಣ್ಣೇ ಜಾರಿಹೋಗಿ, ಡಾಂಬರಿನ ಹಾಳೆಯೊಂದು ಅಂತರದಲ್ಲಿ ಜೋತುಬಿದ್ದಿತ್ತು.

ಉತುವಾದೊ ಸೀಮೆಯ ರಿಯೊ ಅಬಾಹೊ ಎಂಬ ಹಳ್ಳಿಯ ಕಥೆಯನ್ನು ಅಂದಿನ ಪತ್ರಿಕೆಗಳು ಬರೆದವು. ಊರಿಗಿದ್ದ ಸೇತುವೆಯನ್ನು ಹೊಳೆ ಎಳೆದುಕೊಂಡು ಹೋಗಿತ್ತು. ಆಚೆ ದಡದಲ್ಲಿ ಸಿಕ್ಕಿಕೊಂಡವರು ಸಹಾಯಕ್ಕಾಗಿ ಕಾದು ಕಾದು ಬೇಸತ್ತು, ಹೊಳೆಯ ಮೇಲೆ ತಂತಿಯೊಂದನ್ನು ಎಳೆದು ಕಟ್ಟಿದರು. ಅಂಗಡಿಗಳಲ್ಲಿ ಸಾಮಾನು ತುಂಬಿ ತಳ್ಳುವ ಗಾಲಿಬುಟ್ಟಿಯೊಂದನ್ನು ಅದಕ್ಕೆ ರಾಟೆಯಿಂದ ತೂಗುಹಾಕಿದರು. ಕುಡಿಯುವ ನೀರು, ಅಕ್ಕಿ, ಔಷಧ ಎಲ್ಲವೂ ಆ ಬುಟ್ಟಿಯಲ್ಲಿ ಹೊಳೆ ದಾಟಿ ಬಂದುವು. ತಮ್ಮ ಕೇರಿಗೆ ಅವರೇ ಒಂದು ಹೆಸರಿಟ್ಟುಕೊಂಡು ಫಲಕ ಬರೆದು ನಿಲ್ಲಿಸಿದರು: ‘ಲೋಸ್ ಒಲ್ವಿದಾದೋಸ್’ - ಮರೆತುಹೋದವರ ಪಾಳೆಯ.

ಯಾವ ಊರು ಹೀಗೆ ಕಡಿದುಹೋಗಿದೆ, ಯಾವ ದಾರಿ ಉಳಿದಿದೆ, ಯಾವ ಬೆಟ್ಟ ಇನ್ನೂ ಜಾರಬಹುದು ಎಂಬುದನ್ನು ಹೇಳಬಲ್ಲವರು ಯಾರೂ ಇರಲಿಲ್ಲ. ದೂರವಾಣಿ ಸತ್ತಿತ್ತು, ರಸ್ತೆ ಮುರಿದಿತ್ತು. ಮೋಜಣಿ ಹುಟ್ಟಿಕೊಂಡದ್ದು ವಿದ್ವಾಂಸರ ಕುತೂಹಲದಿಂದ ಮಾತ್ರವಲ್ಲ, ಈ ಕುರುಡುತನದಿಂದ.

ಆಕಾಶದಿಂದ ಎಣಿಕೆ

ಕಾಲಿಗೆ ದಾರಿಯಿಲ್ಲದಾಗ ಕಣ್ಣಿಗೆ ಆಕಾಶವೇ ದಾರಿ. ಅಮೆರಿಕದ ಭೂಗರ್ಭ ಸರ್ವೇಕ್ಷಣ ಸಂಸ್ಥೆಯ ತಜ್ಞರು ಮೊದಲು ಕೈಗೆತ್ತಿಕೊಂಡದ್ದು 2017ರ ಸೆಪ್ಟೆಂಬರ್ 26ರಿಂದ ಅಕ್ಟೋಬರ್ 8ರವರೆಗೆ ಉಪಗ್ರಹಗಳಿಂದಲೂ ವಿಮಾನಗಳಿಂದಲೂ ತೆಗೆದ ಚಿತ್ರಗಳನ್ನು. ದ್ವೀಪದ ನಕ್ಷೆಯ ಮೇಲೆ ಎರಡು ಕಿಲೊಮೀಟರ್ ಉದ್ದ, ಎರಡು ಕಿಲೊಮೀಟರ್ ಅಗಲದ ಚೌಕಗಳನ್ನು ಜಾಲದಂತೆ ಹಾಸಿದರು. ಒಂದೊಂದು ಚೌಕವನ್ನೂ ಕಣ್ಣಿಟ್ಟು ನೋಡಿ ಮೂರೇ ವರ್ಗಗಳಲ್ಲಿ ವಿಂಗಡಿಸಿದರು: ಕುಸಿತವೇ ಇಲ್ಲದ್ದು, ಚದರ ಕಿಲೊಮೀಟರಿಗೆ 25ಕ್ಕಿಂತ ಕಡಿಮೆ ಕುಸಿತಗಳಿರುವುದು, 25ಕ್ಕಿಂತ ಹೆಚ್ಚಿರುವುದು. ಒಂದೊಂದು ಕುಸಿತವನ್ನೂ ಅಳೆಯುತ್ತ ಕುಳಿತರೆ ತಿಂಗಳುಗಳು ಕಳೆಯುತ್ತಿದ್ದುವು. ಪರಿಹಾರದ ಲಾರಿ ಯಾವ ಕಡೆಗೆ ಹೊರಡಬೇಕೆಂದು ಕೇಳುವವರಿಗೆ ಅಂದಂದೇ ಉತ್ತರ ಬೇಕಾಗಿತ್ತು. ಅದಕ್ಕಾಗಿಯೇ ಇಷ್ಟು ಒರಟಾದ ವಿಂಗಡಣೆ.

ಕೆಲಸ ಸುಲಭದ್ದಾಗಿರಲಿಲ್ಲ. ಹಸಿರು ಕಾಡಿನ ನಡುವೆ ಕುಸಿತದ ಜಾಗ ಕಂದು ಗೆರೆಯಂತೆ ಎದ್ದು ಕಾಣುವುದು ಸಾಮಾನ್ಯ ನಿಯಮ. ಆದರೆ ಮರಿಯಾದ ಗಾಳಿ ಮರಗಳ ಎಲೆಯನ್ನೆಲ್ಲ ಸುಲಿದಿತ್ತು. ಬೆಟ್ಟಕ್ಕೆ ಬೆಟ್ಟವೇ ಕಂದಾಗಿತ್ತು. ಬತ್ತಲಾದ ಕಾಡು ಯಾವುದು, ಬತ್ತಲಾದ ಮಣ್ಣು ಯಾವುದು ಎಂದು ಬೇರ್ಪಡಿಸಲು ಪಳಗಿದ ಕಣ್ಣು ಬೇಕಾಗಿತ್ತು. ಬೆಟ್ಟದ ನೆತ್ತಿಯ ಮೇಲೆ ನಿಂತ ಮೋಡ ಇನ್ನೊಂದು ತೊಡಕು.

ಹಾಗಿದ್ದರೂ ಚಿತ್ರ ಸ್ಪಷ್ಟವಾಯಿತು. ದ್ವೀಪದ 78 ಆಡಳಿತ ಸೀಮೆಗಳಲ್ಲಿ ಮುಕ್ಕಾಲು ಪಾಲಿಗಾದರೂ ಕುಸಿತ ತಟ್ಟಿತ್ತು. ಎರಿನ್ ಬೆಸೆಟ್-ಕರ್ಟನ್ ಮತ್ತು ಅವರ ಸಹೋದ್ಯೋಗಿಗಳು 2019ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಕುಸಿತಗಳ ಸಂಖ್ಯೆ 40,000ಕ್ಕೂ ಹೆಚ್ಚು. ಹಿಂದಿನ ಚಂಡಮಾರುತಗಳಲ್ಲಿ ದಾಖಲಾಗಿದ್ದ ಕುಸಿತಗಳು ನೂರುಗಳಲ್ಲಿ ಎಣಿಸುವಂಥವು. ಅತ್ಯಂತ ದಟ್ಟವಾಗಿ ಗಾಯಗೊಂಡ ಸೀಮೆ ಉತುವಾದೊ. ಅಲ್ಲಿನ ಕೆಲವು ಭಾಗಗಳಲ್ಲಿ ಒಂದೊಂದು ಚದರ ಕಿಲೊಮೀಟರಿಗೆ ನೂರಕ್ಕೂ ಮೀರಿ ಕುಸಿತಗಳಿದ್ದುವು. ಅನಂತರ ಮಾಯಾಗ್ವೆಸ್ ನಗರದ ಪೋರ್ಟೊರಿಕೊ ವಿಶ್ವವಿದ್ಯಾನಿಲಯದಲ್ಲಿ ಭೂಗರ್ಭಶಾಸ್ತ್ರಜ್ಞ ಸ್ಟೀಫನ್ ಹ್ಯೂಸ್ ಅವರ ತಂಡ ಇನ್ನೂ ತಾಳ್ಮೆಯ ಕೆಲಸಕ್ಕೆ ಕೈಹಾಕಿತು. ಪ್ರತಿಯೊಂದು ಕುಸಿತದ ನೆತ್ತಿಗೆ, ಎಂದರೆ ಮಣ್ಣು ಮೊದಲು ಬಿಟ್ಟುಕೊಂಡ ಜಾಗಕ್ಕೆ, ನಕ್ಷೆಯಲ್ಲಿ ಒಂದೊಂದು ಚುಕ್ಕೆ ಇಡುತ್ತ ಹೋದರು. ಇಟ್ಟ ಚುಕ್ಕೆಗಳು ಒಟ್ಟು 71,431.

ಕಾಲ್ನಡಿಗೆಯ ಮೋಜಣಿ

ಆಕಾಶದ ಚಿತ್ರ ‘ಎಲ್ಲಿ’ ಎಂಬುದನ್ನು ಹೇಳಬಲ್ಲುದು. ‘ಏಕೆ’ ಎಂಬುದನ್ನು ಹೇಳಲಾರದು. ಅದಕ್ಕಾಗಿ ನೆಲದ ಮೇಲೆ ನಡೆಯಲೇಬೇಕು. ಸರ್ವೇಕ್ಷಣ ಸಂಸ್ಥೆಯ ಭೂಗರ್ಭಶಾಸ್ತ್ರಜ್ಞರೂ, ಮಾಯಾಗ್ವೆಸ್ಸಿನ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳೂ ಬೆಟ್ಟ ಹತ್ತಿದರು. ದೊಡ್ಡ ಅನಾಹುತಗಳಾದಲ್ಲಿಗೆ ಹೋಗಿ ನೆಲಕ್ಕೆ ಆದ ಹಾನಿಯನ್ನು ದಾಖಲಿಸುವ ಮಣ್ಣು-ತಳಪಾಯ ತಜ್ಞರ ತಂಡವೊಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನಿಂದ ಬಂದು ರಸ್ತೆಯ ಏರಿಗಳು, ಸೇತುವೆಗಳು, ಅಣೆಕಟ್ಟುಗಳನ್ನು ಪರಿಶೀಲಿಸಿತು. ವಾಯವ್ಯದ ಗ್ವಾಹತಾಕಾ ಅಣೆಕಟ್ಟಿನಲ್ಲಿ ಹೆಚ್ಚುವರಿ ನೀರು ಹರಿಯುವ ಕಾಲುವೆಯ ಕಾಂಕ್ರೀಟು ಒಡೆದು, ಅದರ ಬುಡದ ಮಣ್ಣು ಕೊರೆದುಹೋಗಿತ್ತು. ಕೆಳಗಿನ ಬಯಲಿನ ಸುಮಾರು 70,000 ಜನರಿಗೆ ಮನೆ ಬಿಡಬೇಕೆಂದು ಸೆಪ್ಟೆಂಬರ್ 22ರಂದು ಅಪ್ಪಣೆಯಾಗಿತ್ತು. ಅದೃಷ್ಟವಶಾತ್ ಕಟ್ಟೆ ನಿಂತಿತು.

ಇಂಥ ಮೋಜಣಿಯಲ್ಲಿ ಬೆಡಗಿನ ಕೆಲಸವೇನೂ ಇಲ್ಲ. ಕುಸಿತದ ಬುಡದಿಂದ ನೆತ್ತಿಯವರೆಗೆ ಜಾರುವ ಮಣ್ಣಿನಲ್ಲಿ ಹತ್ತಬೇಕು. ನೆತ್ತಿಯಲ್ಲಿ ಗೋಡೆಯಂತೆ ಉಳಿದ ಕಡಿತದ ಎತ್ತರವನ್ನು ಅಳೆಯಬೇಕು. ಮಣ್ಣು ಯಾವ ಪದರದ ಮೇಲೆ ಜಾರಿತೆಂಬುದನ್ನು ಗುರುತಿಸಬೇಕು. ಇಳಿಜಾರಿನ ಕೋನವನ್ನು ಬರೆದುಕೊಳ್ಳಬೇಕು. ಬೇರುಗಳು ಎಷ್ಟು ಆಳಕ್ಕೆ ಇಳಿದಿದ್ದುವು? ಹರಿದ ಕೆಸರು ಎಲ್ಲಿಯವರೆಗೆ ಹೋಗಿ ನಿಂತಿತು? ಮೇಲ್ಗಡೆ ಚರಂಡಿಯಿತ್ತೆ, ರಸ್ತೆಯ ಮೋರಿಯಿತ್ತೆ? ಒಂದು ಹಿಡಿ ಮಣ್ಣನ್ನು ಚೀಲದಲ್ಲಿ ಕಟ್ಟಿ, ಗುರುತು ಬರೆದು, ಪ್ರಯೋಗಶಾಲೆಗೆ ಒಯ್ಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇನ್ನೂ ಬೀಳದೆ ನಿಂತಿರುವ ನೆಲವನ್ನು ನೋಡಬೇಕು. ಕುಸಿತದ ನೆತ್ತಿಯ ಹಿಂದೆ ಹುಲ್ಲಿನಲ್ಲಿ ಅಡಗಿದ ಸೀಳು, ಒಂದೇ ಕಡೆಗೆ ವಾಲಿದ ಕಂಬಗಳ ಸಾಲು, ಡಾಂಬರಿನ ಮೇಲೆ ಬಿಲ್ಲಿನಂತೆ ಬಾಗಿದ ಬಿರುಕು - ಇವೆಲ್ಲ ಬೆಟ್ಟ ಮುಂದಿನ ಮಳೆಗೆಂದು ಬರೆದಿಟ್ಟ ಕಾಗದಗಳು. ಅವುಗಳನ್ನು ಓದಬಲ್ಲವನು ಮಳೆಗೆ ಮೊದಲೇ ಬರಬೇಕು.

ಮಣ್ಣಾದ ಕಲ್ಲು

ಹೀಗೆ ಅಳೆದಾಗ ಕಂಡುಬಂದ ಸಂಗತಿಯೊಂದು ತಜ್ಞರನ್ನೂ ಯೋಚನೆಗೆ ಹಚ್ಚಿತು. ಮಳೆ ಎಲ್ಲಿ ಅತ್ಯಧಿಕವಾಗಿತ್ತೊ ಕುಸಿತ ಅಲ್ಲಿಯೇ ಅತ್ಯಧಿಕವಾಗಿರಲಿಲ್ಲ. ಮಳೆಯ ದಾಖಲೆ ಕಾಗ್ವಾಸ್ ಕಡೆಯದು. ಕುಸಿತದ ದಾಖಲೆ ಉತುವಾದೊ ಸೀಮೆಯದು. ಹಾಗಾದರೆ ವ್ಯತ್ಯಾಸ ಇದ್ದದ್ದೆಲ್ಲಿ?

ಒಂದು ಕಾರಣ ಉತುವಾದೊದ ಕಲ್ಲು. ಅಲ್ಲಿ ನೆಲದಡಿಯಲ್ಲಿರುವುದು ಕಣಶಿಲೆಯ ಹತ್ತಿರದ ನೆಂಟನಾದ ಗ್ರಾನೊಡಯೊರೈಟ್. ಮೂಲದಲ್ಲಿ ಅದು ಗಟ್ಟಿ ಬಂಡೆ. ಆದರೆ ಲಕ್ಷಾಂತರ ವರ್ಷಗಳ ಬಿಸಿಲು ಮಳೆಗಳಲ್ಲಿ ಅದು ಇದ್ದಲ್ಲಿಯೇ ಕೊಳೆತು, ಮರಳುಮರಳಾಗಿ ಸಡಿಲಗೊಂಡಿದೆ. ಕಡಿದು ನೋಡಿದರೆ ಬಂಡೆಯ ಗೆರೆ, ಬಣ್ಣಗಳೆಲ್ಲ ಹಾಗೆಯೇ ಕಾಣುತ್ತವೆ. ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತದೆ. ಕಲ್ಲಿನ ರೂಪ ಉಳಿದು ಕಲ್ಲಿನ ಬಲ ಹೋದ ಈ ವಸ್ತುವಿಗೆ ಶಾಸ್ತ್ರದಲ್ಲಿ ‘ಸ್ಯಾಪ್ರೊಲೈಟ್’ ಎಂದು ಹೆಸರು. ಮಳೆಯ ನೀರು ಅದರೊಳಗೆ ಸರಾಗವಾಗಿ ಇಳಿಯುತ್ತದೆ.

ಎರಡನೆಯ ಕಾರಣ, ಮರಿಯಾ ಬರುವುದಕ್ಕೆ ಮೊದಲೇ ಮಣ್ಣಿನಲ್ಲಿ ಸೇರಿಕೊಂಡಿದ್ದ ತೇವ. ಇಳಿಜಾರಿನ ಮಣ್ಣು ಜಾರದೆ ನಿಲ್ಲುವುದು ಕಣಕ್ಕೂ ಕಣಕ್ಕೂ ನಡುವಿನ ಘರ್ಷಣೆಯ ಬಲದಿಂದ. ಕಣಗಳ ನಡುವಿನ ತೆರಪುಗಳಲ್ಲೆಲ್ಲ ನೀರು ತುಂಬಿದಾಗ ಅದು ಕಣಗಳನ್ನು ಒಂದರಿಂದೊಂದು ದೂಡುತ್ತದೆ, ಹಿಡಿತ ತಪ್ಪುತ್ತದೆ. ನೀರಿನ ತೂಕ ಬೇರೆ ಮೇಲಿನಿಂದ ಹೇರಿಕೊಂಡಿರುತ್ತದೆ. ಹಳ್ಳಿಯ ಮಣ್ಣಿನ ಗೋಡೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲ ಮಳೆಗೆ ಗೋಡೆ ನೆನೆಯುತ್ತದೆ, ನಿಂತಿರುತ್ತದೆ. ಆರುವ ಮುನ್ನ ಎರಡನೆಯ ಮಳೆ ಬಂದರೆ ಸದ್ದಿಲ್ಲದೆ ಕುಳಿತುಬಿಡುತ್ತದೆ. ಇರ್ಮಾ ನೆನೆಸಿತು, ಮರಿಯಾ ಕೆಡವಿತು. ಕುಸಿತದ ಸಾಂದ್ರತೆಯನ್ನು ನಿರ್ಧರಿಸುವಲ್ಲಿ ಮಳೆಯ ಪ್ರಮಾಣದಷ್ಟೇ ಅಲ್ಲ, ಮಣ್ಣಿನ ಜಾತಿಗೂ ಅದರಲ್ಲಿ ಮೊದಲೇ ಇದ್ದ ತೇವಕ್ಕೂ ದೊಡ್ಡ ಪಾತ್ರವಿದ್ದುದನ್ನು ಮೋಜಣಿ ತೋರಿಸಿಕೊಟ್ಟಿತು. ಆಕಾಶವನ್ನು ನೋಡಿ ಎಚ್ಚರಿಕೆ ಕೊಟ್ಟರೆ ಸಾಲದು, ನೆಲವನ್ನೂ ಕೇಳಬೇಕೆಂಬ ಪಾಠ ಇದು.

ರಸ್ತೆಯ ಅಗಲವೆಷ್ಟು?

ಮೂರನೆಯದೊಂದು ಕಾರಣವನ್ನು ಬೆಟ್ಟದ ಮೇಲೆ ಹೊರಿಸಲಾಗದು. ಅದು ಮನುಷ್ಯನ ಗುದ್ದಲಿ. ರಸ್ತೆಗಾಗಿ, ಮನೆಯ ಅಂಗಳಕ್ಕಾಗಿ ಇಳಿಜಾರಿನ ಬುಡವನ್ನು ಕಡಿದಾಗ ಮೇಲಿನ ಮಣ್ಣಿಗೆ ಒತ್ತಾಸೆ ತಪ್ಪುತ್ತದೆ. ಮಲೆನಾಡಿನ ಜನ ‘ಧರೆ’ ಎಂದು ಕರೆಯುವುದು ಇಂಥ ಕಡಿದ ಗೋಡೆಯನ್ನೇ. ಆಷಾಢದ ಮಳೆಯಲ್ಲಿ ‘ಧರೆ ಕುಸಿಯಿತು’ ಎಂಬ ಸುದ್ದಿಯಿಲ್ಲದ ವರ್ಷ ಅಲ್ಲಿ ಅಪರೂಪ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲಗಳ ಕಡೆ ಬೆಟ್ಟಗಳು ಜರಿದಾಗಲೂ ಪರಿಶೀಲನೆಗೆ ಹೋದವರು ಮಳೆಯ ಜೊತೆಗೆ ಹೀಗೆ ಕಡಿದ ಇಳಿಜಾರುಗಳತ್ತ ಬೆರಳು ತೋರಿದ್ದರು.

ಪೋರ್ಟೊರಿಕೊದ ಪೂರ್ವದಲ್ಲಿರುವ ಲುಕೀಯೊ ಬೆಟ್ಟಗಳ ಕಾಡಿನಲ್ಲಿ ಈ ವಿಷಯವನ್ನು ಅಭ್ಯಸಿಸಿದ ಮ್ಯಾಥ್ಯೂ ಲಾರ್ಸನ್ ಎಂಬ ವಿಜ್ಞಾನಿ ಸಹೋದ್ಯೋಗಿಯೊಬ್ಬರೊಡನೆ 1997ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದರ ಶೀರ್ಷಿಕೆ ಒಂದು ಪ್ರಶ್ನೆಯಾಗಿತ್ತು: ‘ರಸ್ತೆಯ ಅಗಲವೆಷ್ಟು?’ ಕಣ್ಣಿಗೆ ಕಾಣುವ ಡಾಂಬರಿನ ಅಗಲ ಕೆಲವು ಮೀಟರು. ಆದರೆ ರಸ್ತೆಯ ಎರಡು ಬದಿಗಳಲ್ಲಿ 85 ಮೀಟರುಗಳವರೆಗೆ ನೆಲಕುಸಿತದ ಹಾವಳಿ ಉಳಿದ ಕಾಡಿಗಿಂತ ಐದರಿಂದ ಎಂಟು ಪಟ್ಟು ಹೆಚ್ಚೆಂದು ಅವರು ತೋರಿಸಿದರು. ಬೆಟ್ಟದ ಲೆಕ್ಕದಲ್ಲಿ ರಸ್ತೆಯ ಅಗಲ 170 ಮೀಟರ್! ಬೆಟ್ಟದ ಸೀಮೆಯಲ್ಲಿ ಜನ ಮನೆ ಕಟ್ಟುವುದೂ ರಸ್ತೆಯ ಬದಿಯಲ್ಲಿಯೇ ಅಲ್ಲವೆ? ಬೇರೆಲ್ಲಿ ಕಟ್ಟಿದರೂ ಕಾಫಿಯ ಮೂಟೆಯನ್ನು ಪೇಟೆಗೆ ಸಾಗಿಸುವುದು ಹೇಗೆ, ಕಾಯಿಲೆಯವರನ್ನು ಆಸ್ಪತ್ರೆಗೆ ಒಯ್ಯುವುದು ಹೇಗೆ? ದಾರಿ ಕೊಟ್ಟ ರಸ್ತೆಯೇ ಅಪಾಯವನ್ನೂ ಹಿತ್ತಿಲಿಗೆ ತಂದು ನಿಲ್ಲಿಸುತ್ತದೆ.

ಮಾಮೆಯೆಸ್‌ನ ನೆನಪು

ಮೋಜಣಿ ಮಾಡುವವರಿಗೆ ಅಪಾಯದ ಅರಿವು ಹೊಸದಾಗಿರಲಿಲ್ಲ. 1979ರಷ್ಟು ಹಿಂದೆಯೇ ವಾಟ್ಸನ್ ಮನ್ರೊ ಎಂಬ ಭೂಗರ್ಭಶಾಸ್ತ್ರಜ್ಞರು ಇಡೀ ದ್ವೀಪದಲ್ಲಿ ಎಲ್ಲೆಲ್ಲಿ ನೆಲ ಜಾರಬಹುದೆಂಬ ನಕ್ಷೆಯನ್ನು ಸಿದ್ಧಪಡಿಸಿದ್ದರು. ಅದರ ಅಳತೆಯಲ್ಲಿ ಕಾಗದದ ಮೇಲಿನ ಒಂದು ಸೆಂಟಿಮೀಟರು ನೆಲದ ಮೇಲಿನ 2.4 ಕಿಲೊಮೀಟರಿಗೆ ಸಮ. ಒಂದು ಕೇರಿ, ಒಂದು ಮನೆ ಅದರಲ್ಲಿ ಸೂಜಿಯ ಮೊನೆಯಷ್ಟೂ ಇರದು.

ಅದಾದ ಆರು ವರ್ಷಕ್ಕೆ, 1985ರ ಅಕ್ಟೋಬರ್ 7ರ ನಸುಕಿನಲ್ಲಿ, ದಕ್ಷಿಣ ತೀರದ ಪೋನ್ಸೆ ನಗರದಂಚಿನ ಮಾಮೆಯೆಸ್ ಎಂಬ ಕೇರಿ ನಿದ್ದೆಯಲ್ಲಿತ್ತು. ಬೆಟ್ಟದ ಇಳಿಜಾರಿನಲ್ಲಿ ಬಡವರು ಒತ್ತೊತ್ತಾಗಿ ಕಟ್ಟಿಕೊಂಡ ಮನೆಗಳು. ಮುಂದೆ ಬಿರುಗಾಳಿಯಾಗಿ ಬೆಳೆದ ವಾಯುಭಾರವೊಂದು ಇರುಳೆಲ್ಲ ಮಳೆ ಸುರಿಸಿತ್ತು. ಬೆಟ್ಟದ ಮೈಯೇ ದೊಡ್ಡ ಹಾಳೆಯಂತೆ ಕಳಚಿ ಜಾರಿತು. ಸುಮಾರು 120 ಮನೆಗಳು ನಾಶವಾದುವು. ಕಡಿಮೆಯೆಂದರೂ 129 ಜನ ಸತ್ತರು. ಅನಂತರ ಅದನ್ನು ಪರಿಶೀಲಿಸಿದ ರ್‍ಯಾಂಡಲ್ ಜಿಬ್ಸನ್ ಅವರು ಮಳೆಯ ಜೊತೆಗೆ ಇನ್ನೆರಡು ಸಂಗತಿಗಳನ್ನು ಬರೆದಿಟ್ಟರು. ಚರಂಡಿಯಿಲ್ಲದ ಆ ಕೇರಿಯ ಕೊಳಚೆ ನೀರು ನೇರವಾಗಿ ನೆಲಕ್ಕೆ ಇಂಗುತ್ತಿತ್ತು. ಕುಸಿತದ ನೆತ್ತಿಯಲ್ಲಿ ನೀರಿನ ಕೊಳಾಯಿಯೊಂದು ಸೋರುತ್ತಿತ್ತು. ದಿನಕ್ಕಿಷ್ಟಿಷ್ಟೇ ಇಳಿದ ನೀರು ಬೆಟ್ಟವನ್ನು ಒಳಗಿನಿಂದ ಸಡಿಲಿಸುತ್ತಿದ್ದುದನ್ನು ಮೇಲೆ ಮಲಗಿದ್ದವರು ಹೇಗೆ ತಿಳಿದಾರು? ಬದುಕಿದವರಿಗೆ ಬೇರೆ ಕಡೆ ಮನೆಗಳಾದುವು.

ಆ ಅಧ್ಯಯನದ ಬೆಲೆ ಇರುವುದು ಇಲ್ಲಿಯೇ. ‘ದೈವೇಚ್ಛೆ’ ಎಂದು ಬಿಟ್ಟುಬಿಡಬಹುದಾಗಿದ್ದ ಒಂದು ಸಾವಿನೊಳಗಿನಿಂದ ಸೋರುವ ಕೊಳಾಯಿಯೊಂದನ್ನು ಅದು ಹೆಕ್ಕಿ ತೆಗೆಯಿತು. ಮಳೆಯನ್ನು ಯಾರೂ ತಡೆಯಲಾರರು, ಕೊಳಾಯಿಯನ್ನು ಸರಿಪಡಿಸಬಹುದು.

ನಕ್ಷೆಯಿಂದ ಹಿತ್ತಿಲಿಗೆ

71,431 ಚುಕ್ಕೆಗಳನ್ನು ಆಧಾರವಾಗಿಟ್ಟುಕೊಂಡು ಸ್ಟೀಫನ್ ಹ್ಯೂಸ್ ಮತ್ತು ಸರ್ವೇಕ್ಷಣ ಸಂಸ್ಥೆಯ ವಿಲಿಯಂ ಶುಲ್ಜ್ 2020ರಲ್ಲಿ ಹೊಸದೊಂದು ನಕ್ಷೆಯನ್ನು ಪ್ರಕಟಿಸಿದರು. ಭಾರಿ ಮಳೆ ಬಂದಾಗ ದ್ವೀಪದ ಯಾವ ನೆಲ ಎಷ್ಟರಮಟ್ಟಿಗೆ ಜಾರುವ ಸಂಭವವುಂಟು ಎಂಬುದನ್ನು ಅದು ಬಣ್ಣಗಳಲ್ಲಿ ತೋರಿಸುತ್ತದೆ. ಮನ್ರೊ ಅವರ ಹಳೆಯ ನಕ್ಷೆಗಿಂತ ಬಹುಪಾಲು ಸೂಕ್ಷ್ಮವಾದುದು ಇದು. ಬೆಟ್ಟದ ನಿವಾಸಿಗಳಿಗಾಗಿಯೇ ಸ್ಪ್ಯಾನಿಷ್ ಭಾಷೆಯಲ್ಲಿ ಒಂದು ಕೈಪಿಡಿಯನ್ನೂ ಸಿದ್ಧಪಡಿಸಿದರು. ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಅಂಗಳದಲ್ಲಿ ಬಿರುಕು ಅಗಲವಾದರೆ, ತಿಳಿಯಾಗಿದ್ದ ಊಟೆಯ ನೀರು ಕೆಸರಾದರೆ ಏನೆಂದು ತಿಳಿಯಬೇಕು - ಇಂಥ ಸಂಗತಿಗಳು ಪಂಡಿತರ ಪತ್ರಿಕೆಗಳಲ್ಲಿದ್ದರೆ ಮನೆಯವರಿಗೆ ಪ್ರಯೋಜನವಿಲ್ಲ, ಅಡಿಗೆಮನೆಯ ಗೂಡಿನಲ್ಲಿರಬೇಕು.

ಆದರೂ ಒಂದು ತೊಡಕು ಉಳಿದೇ ಇದೆ, ಅದು ವಿಜ್ಞಾನದ್ದಲ್ಲ. ನಕ್ಷೆಯಲ್ಲಿ ಕೆಂಪಗಿರುವ ನೆಲವೇ ಒಬ್ಬನ ಅಜ್ಜನ ತೋಟವಾಗಿರುತ್ತದೆ. ಅವನ ಬಳಿ ಬೇರೆ ನೆಲವಿಲ್ಲ. ಬೇರೆ ನೆಲ ಕೊಳ್ಳಲು ಹಣವಿಲ್ಲ. ಕಾಫಿಯ ಗಿಡ ನೆಟ್ಟು ಫಲ ಕಾಣಲು ಮೂರು ನಾಲ್ಕು ವರ್ಷ ಬೇಕು, ಅಷ್ಟರಲ್ಲಿ ಗಾಯದ ಮೇಲೆ ಹಸಿರು ಹಬ್ಬಿ ಭಯವೂ ತಗ್ಗುತ್ತದೆ. ‘ಇಲ್ಲಿಂದ ಹೊರಡು’ ಎಂದು ಹೇಳುವುದು ನಕ್ಷೆಗೆ ಸುಲಭ. ‘ಎಲ್ಲಿಗೆ’ ಎಂದು ಹೇಳುವುದು ನಕ್ಷೆಯ ಕೈಲಾಗದು. ಆ ಉತ್ತರ ಬರಬೇಕಾದುದು ಆಳುವವರಿಂದ, ಅವರ ಜೊತೆಗಿನ ಸಮಾಜದಿಂದ. ಹೊರಡಲಾಗದವನಿಗೆ ನಕ್ಷೆ ಕನಿಷ್ಠ ಪಕ್ಷ ಇಷ್ಟನ್ನು ಹೇಳಬಲ್ಲುದು: ಧರೆಯ ಬುಡದ ಕೋಣೆಯಲ್ಲಿ ಮಳೆಯ ರಾತ್ರಿ ಮಲಗಬೇಡ, ಸೂರಿನ ನೀರನ್ನು ಇಳಿಜಾರಿಗೆ ಬಿಡಬೇಡ, ನೆರೆಯವರಿಗೆ ಕೂಗು ಕೇಳುವಂತಿರು.

ಮರಿಯಾದ ತರುವಾಯ ಉತುವಾದೊ ಮೊದಲಾದ ಬೆಟ್ಟದ ಸೀಮೆಗಳ ಇಳಿಜಾರುಗಳಲ್ಲಿ ಮಣ್ಣಿನ ತೇವವನ್ನು ಎಡೆಬಿಡದೆ ಅಳೆಯುವ ಯಂತ್ರಗಳನ್ನು ಹೂಳಲಾಯಿತು. 2022ರ ಸೆಪ್ಟೆಂಬರ್ 18ರಂದು ‘ಫಿಯೋನಾ’ ಎಂಬ ಚಂಡಮಾರುತ ದ್ವೀಪದ ನೈಋತ್ಯ ತೀರವನ್ನು ಮುಟ್ಟಿದಾಗ ಬೆಟ್ಟಗಳು ಮತ್ತೆ ಅಲ್ಲಲ್ಲಿ ಜರಿದುವು. ಈ ಸಲ ಮಣ್ಣು ತೊಯ್ದು ತುಂಬುತ್ತಿದ್ದ ಪರಿ ಅಳತೆಯ ಅಂಕಿಗಳಾಗಿ ದಾಖಲಾಯಿತು. ಮರಿಯಾ ತೆರೆದ ಗಾಯಗಳು ಆ ಹೊತ್ತಿಗೆ ಬಹುಮಟ್ಟಿಗೆ ಹಸಿರಾಗಿದ್ದುವು. ದಾರಿಹೋಕನ ಕಣ್ಣಿಗೆ ಅವು ಬರಿಯ ಬೆಟ್ಟಗಳು. ಆ ಹಸಿರಿನ ಕೆಳಗೆ ಏನಾಗಿತ್ತೆಂಬುದು ಚುಕ್ಕೆಗಳ ನಕ್ಷೆಯಲ್ಲಿದೆ. ಏನಾಗುತ್ತಿದೆಯೆಂಬುದನ್ನು ಮಣ್ಣಿನೊಳಗಿನ ಆ ಯಂತ್ರಗಳು ಮಳೆಯ ಒಂದೊಂದು ರಾತ್ರಿಯೂ ಬರೆದುಕೊಳ್ಳುತ್ತಿವೆ.